ಹಬ್ಬಕ್ಕೆ ಊರಿಗೆ ಹೋಗೋರು ಮೇಲ್‌ನಲ್ಲಿ ಏನು ಬರೆದಿಟ್ಟು ಹೋಗ್ಬೇಕು?

ಸಂಪಾದಕರಿಗೆ ನಮಸ್ಕಾರ,

ಇನ್ನು ಮೂರು ವಾರಕ್ಕೆ ಗೌರಿ ಹಬ್ಬ, ಅದಾದ್ಮೇಲೆ ಪಕ್ಷ, ದಸರಾ, ದೀಪಾವಳಿ ಅಂತ ಒಂದರ ಹಿಂದೆ ಒಂದು ಬರತ್ತೆ. ಆಫೀಸ್‌ಗಳಲ್ಲಿ ಎಲ್ರೂ ಲೀವ್ ಹಾಕಿ, ರೈಲು ಬಸ್ಸು ಬುಕ್ ಮಾಡಿ, ಅತ್ತೆ ಮನೆಗೆ ಯಾವತ್ತು ಅಮ್ಮನ ಮನೆಗೆ ಯಾವತ್ತು ಅಂತ ಲೆಕ್ಕ ಹಾಕಿ ಮುಗಿಸಿದಾರೆ. ಆದ್ರೆ ಹೊರಡೋ ದಿನ ಸಂಜೆ ಕಂಪ್ಯೂಟರ್ ಆಫ್ ಮಾಡೋಕೆ ಎರಡು ನಿಮಿಷ ಇದೆ ಅನ್ನೋವಾಗ ಗಡಿಬಿಡಿಲಿ ಒಂದು ಕೆಲಸ ಮಾಡ್ತಾರಲ್ಲ, ಅದೇ ಔಟ್ ಆಫ್ ಆಫೀಸ್ ಮೆಸೇಜ್ ಹಾಕೋದು, ಅದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಗೊತ್ತಿಲ್ದೇ ಇರೋರಿಗೆ ಹೇಳೋದಾದ್ರೆ, ನಾವು ರಜೆಲಿದ್ದಾಗ ಯಾರಾದ್ರೂ ಮೇಲ್ ಕಳಿಸಿದ್ರೆ ತಾನೇ ತಾನಾಗಿ ಅವ್ರಿಗೆ ಹೋಗೋ ಉತ್ತರ ಅದು.

ನಾನು ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್ ಎಕ್ಸ್‌ಪೋರ್ಟ್ ಕಂಪನಿಲಿ ಮರ್ಚಂಡೈಸರ್, ಅಂದ್ರೆ ಬಟ್ಟೆ ಕೊಳ್ಳೋ ಬೈಯರ್‌ಗಳ ಆರ್ಡರ್ ನೋಡ್ಕೊಳ್ಳೋಳು. ದಿನಕ್ಕೆ ನೂರು ನೂರೈವತ್ತು ಮೇಲ್ ನೋಡೋ ಕೆಲಸ. ಹಬ್ಬದ ವಾರ ನನಗೆ ಬರೋ ಈ ಉತ್ತರಗಳೆಲ್ಲಾ ಒಂದೇ ಥರ ಇರತ್ತೆ, ಐ ಯಾಮ್ ಔಟ್ ಆಫ್ ಆಫೀಸ್ ವಿತ್ ಲಿಮಿಟೆಡ್ ಆಕ್ಸೆಸ್ ಟು ಇಮೇಲ್ಸ್, ಅಷ್ಟೆ. ಯಾವ ಹಬ್ಬ, ಯಾವತ್ತು ಬರ್ತಾರೆ, ಅಲ್ಲೀ ತನಕ ಯಾರನ್ನ ಕೇಳ್ಬೇಕು, ಒಂದೂ ಇರಲ್ಲ. ಕೆಲವ್ರದ್ದಂತೂ ಹಿಂದಿನ ವರ್ಷದ ತಾರೀಕೇ ಹಾಗೇ ಇರತ್ತೆ. ಆ ಲಿಮಿಟೆಡ್ ಆಕ್ಸೆಸ್ ಅನ್ನೋದೂ ನಿಜ ಅಲ್ಲ, ಕೈಯಲ್ಲೇ ಫೋನ್ ಇರತ್ತೆ, ಮೇಲ್ ಬಂದಿದ್ದು ಟಿಣ್ ಅಂತ ಗೊತ್ತಾಗತ್ತೆ. ನೋಡಲ್ಲ ಅಂತ ನೇರವಾಗಿ ಹೇಳೋಕೆ ಸಂಕೋಚ, ಅದಕ್ಕೆ ಈ ಮಾತು.

ಆ ಸಂಕೋಚದಿಂದ ಏನಾಗತ್ತೆ ಅಂತ ನಾನೇ ಅನುಭವಿಸಿದೀನಿ. ಆರು ವರ್ಷದ ಹಿಂದೆ ಬೇರೆ ಕಂಪನಿಲಿದ್ದೆ. ಗೌರಿ ಹಬ್ಬಕ್ಕೆ ತಿಪಟೂರಿಗೆ, ನನ್ನ ತವರಿಗೆ ಹೊರಟಿದ್ದೆ, ಎಲ್ರೂ ಹಾಕೋ ಅದೇ ಸಾಲು ಹಾಕಿ ಕೊನೇಲಿ ಅರ್ಜೆಂಟ್ ಇದ್ರೆ ಈ ನಂಬರ್‌ಗೆ ಫೋನ್ ಮಾಡಿ ಅಂತ ನನ್ನ ಮೊಬೈಲ್ ನಂಬರ್ ಕೊಟ್ಟಿದ್ದೆ. ಹಬ್ಬದ ದಿನ ಬೆಳಿಗ್ಗೆ ಹತ್ತೂವರೆ, ಪೂಜೆ ಆಗಿದೆ, ಹದಿನಾರು ಗಂಟಿನ ಗೌರಿ ದಾರ ಕಟ್ಟಿಸ್ಕೊಳ್ಳೋಕೆ ಕೈ ನೀಡಿದೀನಿ, ಹಾಂಗ್‌ಕಾಂಗ್‌ನ ಬೈಯಿಂಗ್ ಆಫೀಸಿಂದ ಫೋನು. ಲ್ಯಾಬ್ ಡಿಪ್ ಅಪ್ರೂವಲ್, ಅಂದ್ರೆ ಬಣ್ಣ ಹಾಕಿದ ಬಟ್ಟೆ ಚೂರಿನ ಮಾದರಿಗೆ ಒಪ್ಪಿಗೆ ಕೊಡೋ ವಿಷಯ, ಬಣ್ಣದ ಶೇಡ್ ಒಂಚೂರು ಬೇರೆ ಬಂದಿದೆ ಅಂತ. ಅವ್ರಿಗೆ ಅವತ್ತು ಮಾಮೂಲಿ ಕೆಲಸದ ದಿನ, ನಾನೇ ಫೋನ್ ಮಾಡಿ ಅಂತ ಬರೆದಿದೀನಿ, ಅವ್ರ ತಪ್ಪೇನಿದೆ. ಹಿತ್ತಲಲ್ಲಿ ನಿಂತ್ಕೊಂಡು ನಲವತ್ತು ನಿಮಿಷ ಮಾತಾಡಿ ಒಳಗ್ ಬಂದ್ರೆ ಅಮ್ಮ ದಾರ ಕೈಯಲ್ಲಿ ಹಿಡ್ಕೊಂಡು ಹಾಗೇ ಕೂತಿದ್ರು. ವಾಪಸ್ ಹೋದ್ಮೇಲೆ ಮ್ಯಾನೇಜರ್ ಹತ್ರ ಹೀಗಾಯ್ತು ಸಾರ್ ಅಂದ್ರೆ, ನೀನೇ ಬರೆದಿದ್ಯಲ್ಲಮ್ಮ ಫೋನ್ ಮಾಡಿ ಅಂತ, ಅಂದ್ರು. ಬೇಜಾರಾಯ್ತು, ಆದ್ರೆ ಆ ಮಾತಲ್ಲಿ ನಿಜ ಇತ್ತು.

ಆಗ ನೆನಪಾಗಿದ್ದು ಅಪ್ಪನ ಅಂಗಡಿ ಬೋರ್ಡು. ನಮ್ಮದು ತಿಪಟೂರಲ್ಲಿ ಸಣ್ಣ ದಿನಸಿ ಅಂಗಡಿ. ಅಂಗಡಿ ಮುಚ್ಚೋ ದಿನಕ್ಕೆ ಎರಡು ದಿನ ಮುಂಚೇನೇ ಅಪ್ಪ ಒಂದು ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬಾಗಿಲಿಗೆ ನೇತು ಹಾಕ್ತಿದ್ರು. "ಊರಮ್ಮನ ಜಾತ್ರೆ ಪ್ರಯುಕ್ತ ಮಂಗಳವಾರ ಅಂಗಡಿಗೆ ರಜೆ. ಬುಧವಾರ ಬೆಳಿಗ್ಗೆ 7ಕ್ಕೆ ತೆಗೀತೀವಿ. ಸೀಮೆಎಣ್ಣೆ ಬೇಕಾದವರು ಸೋಮವಾರವೇ ಒಯ್ಯಿರಿ. ತೀರಾ ತುರ್ತಿದ್ದರೆ ಪಕ್ಕದ ಬಟ್ಟೆ ಅಂಗಡಿಯವರನ್ನ ಕೇಳಿ. ಎಲ್ಲರೂ ಜಾತ್ರೆಗೆ ಬನ್ನಿ." ಇಷ್ಟೇ. ಯಾಕೆ ಮುಚ್ಚಿದೆ, ಯಾವಾಗ ತೆಗೀತೀವಿ, ಅಲ್ಲೀ ತನಕ ಏನ್ ಮಾಡ್ಬೇಕು ಎಲ್ಲಾ ಇತ್ತು, ಮೇಲಿಂದ ಒಂದು ಕರೆಯೂ ಇತ್ತು. ಆ ಬೋರ್ಡ್ ನೋಡಿ ಯಾರೂ ಅಪ್ಪನ ಮನೆ ಬಾಗಿಲು ತಟ್ಟಿದ್ದು ನನಗೆ ನೆನಪಿಲ್ಲ. ಜಾತ್ರೆಲಿ ಇದಾರೆ ಅಂತ ಗೊತ್ತಾದ ಮನುಷ್ಯನ್ನ ಉಪ್ಪಿಗೋಸ್ಕರ ಎಬ್ಬಿಸ್ಕೊಂಡು ಬರೋಕೆ ಯಾರಿಗೂ ಮನಸ್ಸು ಬರಲ್ಲ ಅಲ್ವಾ.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ಅದೇ ಥರ ಬರೆದೆ. "ನಮ್ಮ ಕಡೆ ಇವತ್ತು ಗೌರಿ ತವರುಮನೆಗೆ ಬರ್ತಾಳೆ, ನಾನೂ ನನ್ನ ತವರಿಗೆ ಹೋಗ್ತಿದೀನಿ. ನಾಳೆ ಅವಳನ್ನ ಕರ್ಕೊಂಡು ಹೋಗೋಕೆ ಮಗ ಗಣೇಶ ಬರ್ತಾನೆ. ನಾನು ಶುಕ್ರವಾರ ಬೆಳಿಗ್ಗೆ ವಾಪಸ್ ಬರ್ತೀನಿ, ಅಲ್ಲೀ ತನಕ ಮೇಲ್ ನೋಡಲ್ಲ. ಸ್ಯಾಂಪಲ್ ಮತ್ತೆ ಶಿಪ್‌ಮೆಂಟ್ ವಿಷಯಕ್ಕೆ ನನ್ನ ಸಹೋದ್ಯೋಗಿಗೆ ಬರೀರಿ." ಇದನ್ನೇ ಇಂಗ್ಲಿಷಲ್ಲೂ ಹಾಕಿದ್ದೆ. ಶುಕ್ರವಾರ ಬಂದು ನೋಡಿದ್ರೆ ಜರ್ಮನಿ ಬೈಯರ್ ಒಬ್ರು, ಯಾವಾಗ್ಲೂ ಎರಡೇ ಸಾಲು ಬರೆಯೋರು, ಗಣೇಶ ಬಂದು ಅಮ್ಮನ್ನ ಕರ್ಕೊಂಡು ಹೋದ್ನಾ, ನಿಮ್ಮಮ್ಮ ಹೇಗಿದಾರೆ, ಬಟ್ಟೆ ವಿಷಯ ಸೋಮವಾರ ಮಾತಾಡೋಣ ಅಂತ ಬರೆದಿದ್ರು. ಒಂದೇ ಒಂದು ಫೋನ್ ಬಂದಿರ್ಲಿಲ್ಲ. ಅವತ್ತಿಂದ ಇವತ್ತಿನ ತನಕ ಪ್ರತಿ ಹಬ್ಬಕ್ಕೂ ಹೊಸದಾಗಿ ಬರೀತೀನಿ, ಒಂದು ವಾರ ಮುಂಚೆನೇ ಯೋಚನೆ ಮಾಡ್ತೀನಿ, ಅದೂ ಈಗ ನನಗೆ ಹಬ್ಬದ ತಯಾರಿಲೇ ಒಂದು.

ಹೊರಗಿನವ್ರನ್ನ ನೋಡಿ ಕಲಿಯೋದೂ ಇದೆ. ಜರ್ಮನಿಯವ್ರು ಡಿಸೆಂಬರ್ 23ರ ಸುಮಾರಿಗೆ ಹೋದ್ರೆ ಎಷ್ಟೋ ಜನ ಬರೋದು ಜನವರಿ 6 ಆದ್ಮೇಲೇನೇ, ಅವ್ರ ಮೆಸೇಜ್‌ನಲ್ಲಿ ನಿಮ್ಮ ಮೇಲ್ ಬೇರೆ ಯಾರಿಗೂ ಫಾರ್ವರ್ಡ್ ಆಗಲ್ಲ, ನನ್ನ ಬದಲಿಗೆ ಇಂಥವ್ರು ಇದಾರೆ ಅಂತ ಸ್ಪಷ್ಟವಾಗಿ ಇರತ್ತೆ. ಜಿಪ್ಪು ಬಟನ್ ಕಳಿಸೋ ಚೀನಾದ ಸಪ್ಲೈಯರ್‌ಗಳು ಅವ್ರ ಹೊಸ ವರ್ಷಕ್ಕೆ ತಿಂಗಳು ಮುಂಚೆನೇ ಶುರು ಮಾಡ್ತಾರೆ, ಫ್ಯಾಕ್ಟರಿ ಯಾವತ್ತು ಮುಚ್ಚತ್ತೆ, ಕೊನೇ ಆರ್ಡರ್ ಯಾವತ್ತು, ಜೊತೆಗೆ ಆ ವರ್ಷದ ಪ್ರಾಣಿ ಹೆಸರಲ್ಲಿ ಒಂದು ಹಾರೈಕೆ. 2024 ಡ್ರ್ಯಾಗನ್ ವರ್ಷ, 2025 ಹಾವಿನ ವರ್ಷ ಅಂತ ನನಗೆ ಗೊತ್ತಾಗಿದ್ದೇ ಅವ್ರ ರಜೆ ಮೆಸೇಜಿಂದ. ನಮ್ಮ ಹಬ್ಬದ ಹೆಸರು ಅವ್ರಿಗೆ ಗೊತ್ತಾಗೋದು ಹೇಗೆ, ನಾವು ಎಲ್ಲದಕ್ಕೂ ಫೆಸ್ಟಿವಲ್ ಹಾಲಿಡೇ ಅಂತ ಒಂದೇ ಮಾತು ಬರೆದ್ರೆ?

ಈಗ ನಮ್ಮ ಆಫೀಸಲ್ಲಿ ನಾಲ್ಕೈದು ಜನ ಇದನ್ನ ಮಾಡ್ತಾರೆ, ಓದೋಕೆ ಎಷ್ಟು ಚೆನ್ನಾಗಿರತ್ತೆ ಅಂದ್ರೆ ನಾವೇ ಬೇಕು ಅಂತ ಅವ್ರಿಗೆ ಒಂದು ಖಾಲಿ ಮೇಲ್ ಕಳಿಸಿ ಉತ್ತರ ಓದ್ತೀವಿ. ಮಂಡ್ಯ ಕಡೆ ಹುಡುಗ ಒಬ್ಬ ಸಂಕ್ರಾಂತಿಗೆ ಬರೆದಿದ್ದ, "ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚೋ ಕೆಲಸ ಇದೆ, ಸಂಜೆ ಕಿಚ್ಚು ಹಾಯಿಸ್ತೀವಿ, ಎರಡೂ ಕೈ ಖಾಲಿ ಇರಲ್ಲ. 17ನೇ ತಾರೀಕು ಎಳ್ಳು ಬೆಲ್ಲದ ಡಬ್ಬಿ ಜೊತೆ ಸಿಗ್ತೀನಿ." ಸೋರ್ಸಿಂಗ್‌ನಲ್ಲಿರೋ ನಮ್ಮ ಭಾಯಿ ರಂಜಾನ್‌ಗೆ ಬರೆದಿದ್ದು ಇನ್ನೂ ಚೆಂದ, "ಇವತ್ತು ರಾತ್ರಿ ಚಂದ್ರ ಕಂಡ್ರೆ ನಾಳೆ ಹಬ್ಬ, ನಾಡಿದ್ದು ಆಫೀಸಲ್ಲಿರ್ತೀನಿ. ಕಾಣ್ಲಿಲ್ಲ ಅಂದ್ರೆ ಎಲ್ಲಾ ಒಂದು ದಿನ ಮುಂದಕ್ಕೆ. ನಿಮ್ಮ ಊರಲ್ಲಿ ಕಂಡ್ರೆ ನನಗೂ ಹೇಳಿ." ಅಕೌಂಟ್ಸ್‌ನಲ್ಲಿರೋ ಮಂಗಳೂರು ಅಕ್ಕ ಕ್ರಿಸ್‌ಮಸ್‌ಗೆ ಹೋಗೋವಾಗ, "ಅಮ್ಮನ ಮನೇಲಿ ಕುಸ್ವಾರ್ ಮಾಡ್ತಿದೀವಿ, ನೆವ್ರಿ ಮಡಚೋ ಕೈಯಲ್ಲಿ ಕೀಬೋರ್ಡ್ ಮುಟ್ಟೋ ಹಾಗಿಲ್ಲ" ಅಂತ ಬರೆದಿದ್ರು. ಕುಸ್ವಾರ್ ಅಂದ್ರೆ ಕ್ರಿಸ್‌ಮಸ್‌ಗೆ ಮಾಡೋ ತಿಂಡಿಗಳು, ನೆವ್ರಿ ಅದರಲ್ಲೊಂದು, ಕರ್ಜಿಕಾಯಿ ಥರದ್ದು. ಜನವರಿಲಿ ವಾಪಸ್ ಬಂದಾಗ ಕುಸ್ವಾರ್ ಅಂದ್ರೇನು ಅಂತ ಕೇಳಿ ಬಂದಿದ್ದ ಮೇಲ್‌ಗಳೇ ಹತ್ತಿರಬೇಕು.

ಇದರಲ್ಲಿ ಹೊಸತೊಡಕಿನ ವಿಷಯ ಬೇರೆ ಹೇಳ್ಬೇಕು. ಯುಗಾದಿ ಮಾರನೇ ದಿನ ನಮ್ಮ ಹಳೇ ಮೈಸೂರು ಕಡೆ ಬಾಡೂಟ ಮಾಡೋ ಮನೆಗಳಲ್ಲಿ ಹೊಸತೊಡಕು, ಯುಗಾದಿಗಿಂತ ಅದೇ ದೊಡ್ಡ ದಿನ, ನೆಂಟರೆಲ್ಲಾ ಬಂದಿರ್ತಾರೆ. ಆದ್ರೆ ಕಂಪನಿ ರಜೆ ಪಟ್ಟೀಲಿ ಅದು ಇರಲ್ಲ. ಹಂಗಾಗಿ ಅವತ್ತು ಅರ್ಧ ಆಫೀಸಿಗೆ ಹೊಟ್ಟೆನೋವು, ಜ್ವರ. ಸುಳ್ಳು ಹೇಳಿ ರಜೆ ಹಾಕಿದವ್ರು ಮೆಸೇಜ್‌ನಲ್ಲಿ ಸಿಕ್ ಲೀವ್ ಅಂತಾರೆ, ಆಮೇಲೆ ಹೇಗಿದೀರಾ ಈಗ ಅಂತ ಪಾಪ ಹೊರಗಿನವ್ರು ಕೇಳಿದ್ರೆ ಅದಕ್ಕೂ ಸುಳ್ಳು ಹೇಳ್ಬೇಕು. ನಾನು ಎರಡು ವರ್ಷದಿಂದ ಒಂದು ಕ್ಯಾಶುಯಲ್ ಲೀವ್ ಹಾಕಿ ಇದ್ದಿದ್ದು ಇದ್ದ ಹಾಗೆ ಬರೀತೀನಿ, "ವರ್ಷದ ಮೊದಲ ದಿನ ಬೇವು ಬೆಲ್ಲ ಆಯ್ತು, ಎರಡನೇ ದಿನ ಹೊಸತೊಡಕು, ಮನೆ ತುಂಬಾ ನೆಂಟರು. ನಾಳೆ ಒಂಬತ್ತಕ್ಕೆ ಸೀಟಲ್ಲಿರ್ತೀನಿ." ಯಾರೂ ಏನೂ ಅಂದಿಲ್ಲ. ಮುಂದಿನ ವರ್ಷ ಇನ್ನಿಬ್ರು ಹಾಗೇ ಬರೆದ್ರು.

ಈಗ ಭಾಷೆ ವಿಷಯಕ್ಕೆ ಬರ್ತೀನಿ, ನನಗೆ ಇದೇ ಮುಖ್ಯ. ಬೆಂಗಳೂರಲ್ಲಿ ಕನ್ನಡದವ್ರು ಕನ್ನಡದವ್ರಿಗೆ ಕಳಿಸೋ ಮೇಲ್‌ಗೂ ರಜೆ ಉತ್ತರ ಇಂಗ್ಲಿಷಲ್ಲೇ ಹೋಗತ್ತೆ. ನಮಗೆ ಎಂಬ್ರಾಯ್ಡರಿ ಜಾಬ್‌ವರ್ಕ್ ಮಾಡ್ಕೊಡೋರು, ಪ್ಯಾಕಿಂಗ್ ಡಬ್ಬ ಸಪ್ಲೈ ಮಾಡೋರು, ಲಾರಿ ಕಳಿಸೋ ಟ್ರಾನ್ಸ್‌ಪೋರ್ಟ್‌ನವ್ರು ಎಲ್ಲಾ ಕನ್ನಡ ಬಲ್ಲೋರೇ. ನವೆಂಬರ್ 1 ತಗೊಳ್ಳಿ, ರಾಜ್ಯೋತ್ಸವ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆ ಕಾಯ್ದೆ ಪ್ರಕಾರ ಅವತ್ತು ರಜೆ ಕೊಡಲೇಬೇಕು. ಕನ್ನಡದ ಹೆಸರಲ್ಲೇ ಸಿಗೋ ಆ ರಜೆಯ ಮೆಸೇಜ್ ಕೂಡ ಇಂಗ್ಲಿಷಲ್ಲಿ ಇದ್ರೆ ನನಗೆ ನಿಜವಾಗ್ಲೂ ಕಸಿವಿಸಿ ಆಗತ್ತೆ. ಇವತ್ತು ನಮ್ಮ ನಾಡಿನ ಹಬ್ಬ, ನಾಳೆ ಸಿಗ್ತೀನಿ, ಇಷ್ಟು ಕನ್ನಡದಲ್ಲಿ ಟೈಪ್ ಮಾಡೋಕೆ ಒಂದು ನಿಮಿಷ ಸಾಕು.

ಕನ್ನಡದಲ್ಲಿ ಬರೀರಿ ಅಂದ್ರೆ ಕನ್ನಡದಲ್ಲಿ ಮಾತ್ರ ಬರೀರಿ ಅಂತಲ್ಲ, ಕೆಳಗೆ ಇಂಗ್ಲಿಷಲ್ಲೂ ಇರ್ಲಿ. ಯಾಕೆ ಅಂದ್ರೆ 2008ರಲ್ಲಿ ಬ್ರಿಟನ್‌ನ ವೇಲ್ಸ್‌ನಲ್ಲಿ ಒಂದು ಘಟನೆ ಆಯ್ತು. ಅಲ್ಲಿ ರಸ್ತೆ ಬೋರ್ಡು ಇಂಗ್ಲಿಷ್ ಮತ್ತೆ ವೆಲ್ಷ್ ಎರಡರಲ್ಲೂ ಇರ್ಬೇಕು. ಸ್ವಾನ್ಸೀ ಊರಿನ ಕೌನ್ಸಿಲ್‌ನವ್ರು ಭಾರೀ ವಾಹನಗಳಿಗೆ ಪ್ರವೇಶ ಇಲ್ಲ ಅನ್ನೋ ಬೋರ್ಡಿನ ಮಾತನ್ನ ವೆಲ್ಷ್‌ಗೆ ಮಾಡ್ಕೊಡಿ ಅಂತ ಅನುವಾದಕರಿಗೆ ಮೇಲ್ ಕಳಿಸಿದ್ರು, ತಕ್ಷಣ ವೆಲ್ಷ್‌ನಲ್ಲಿ ಉತ್ತರ ಬಂತು, ಅದನ್ನೇ ಬೋರ್ಡಿಗೆ ಬರೆಸಿ ನಿಲ್ಲಿಸಿದ್ರು. ಆಮೇಲೆ ವೆಲ್ಷ್ ಓದೋಕೆ ಬರೋರು ನೋಡಿ ಹೇಳಿದ್ಮೇಲೆ ಗೊತ್ತಾಗಿದ್ದು, ಆ ಬೋರ್ಡಿನಲ್ಲಿರೋದು ನಾನು ಸದ್ಯಕ್ಕೆ ಆಫೀಸಲ್ಲಿ ಇಲ್ಲ, ಅನುವಾದದ ಕೆಲಸ ಇದ್ರೆ ಕಳಿಸಿ ಅನ್ನೋ ಮಾತು ಅಂತ. ಅದು ರಜೆ ಮೆಸೇಜು! ತಪ್ಪು ಓದದೇ ಬರೆಸಿದವ್ರದ್ದೇ, ಆದ್ರೂ ಕೆಳಗೆ ಒಂದು ಸಾಲು ಇಂಗ್ಲಿಷ್ ಇದ್ದಿದ್ರೆ ಆ ಬೋರ್ಡು ಹಾಗೆ ನಿಲ್ತಿರ್ಲಿಲ್ಲ. ಅದಕ್ಕೆ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಎರಡರಲ್ಲೂ ತಾರೀಕು ಅಂಕೆಯಲ್ಲಿ.

ಇನ್ನೊಂದು, ಕನ್ನಡ ಟೈಪ್ ಮಾಡೋವಾಗ ಯೂನಿಕೋಡ್‌ನಲ್ಲೇ ಮಾಡಿ, ಅದು ಯಾವ ಫೋನು ಕಂಪ್ಯೂಟರಲ್ಲಾದ್ರೂ ಕನ್ನಡವಾಗೇ ಕಾಣೋ ಅಕ್ಷರ ವ್ಯವಸ್ಥೆ. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಬರೆದಿಟ್ಟಿದ್ದನ್ನ ಹಾಗೇ ಕಾಪಿ ಮಾಡಿ ಹಾಕಿದ್ರೆ ಆ ಫಾಂಟ್ ಇಲ್ಲದವ್ರಿಗೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆ ಕಾಣತ್ತೆ. ಮೊಬೈಲ್ ಕೀಬೋರ್ಡಲ್ಲಿ ಟೈಪ್ ಮಾಡಿ ನಿಮಗೇ ಮೇಲ್ ಮಾಡ್ಕೊಂಡು ಅಲ್ಲಿಂದ ತಗೊಂಡ್ರೆ ಸುಲಭ.

ಸೆಟ್ಟಿಂಗ್ ಬಗ್ಗೆನೂ ಸ್ವಲ್ಪ ಹೇಳ್ತೀನಿ, ತುಂಬಾ ಜನ ಇದನ್ನ ನೋಡಿರಲ್ಲ. ಔಟ್‌ಲುಕ್‌ನಲ್ಲಿ ಆಟೋಮ್ಯಾಟಿಕ್ ರಿಪ್ಲೈಸ್ ಅಂತ ಇರತ್ತೆ, ಅದರಲ್ಲಿ ಆಫೀಸ್ ಒಳಗಿನವ್ರಿಗೆ ಒಂದು, ಹೊರಗಿನವ್ರಿಗೆ ಒಂದು ಅಂತ ಬೇರೆ ಬೇರೆ ಬರೆಯೋಕೆ ಜಾಗ ಇದೆ. ಒಳಗಿನವ್ರಿಗೆ ಸಲಿಗೆಯಿಂದ ಬರೀಬಹುದು, ಹೊರಗಿನವ್ರಿಗೆ ಬರೆಯೋದ್ರಲ್ಲಿ ಮನೆ ಬೀಗ ಹಾಕಿ ಎಲ್ರೂ ಎಂಟು ದಿನ ಊರಲ್ಲಿ ಇರ್ತೀವಿ ಅನ್ನೋ ಥರದ್ದು ಬೇಡ, ಯಾರ್ಯಾರಿಗೆ ಆ ಉತ್ತರ ಹೋಗತ್ತೋ ನಮಗೆ ಗೊತ್ತಿರಲ್ಲ. ಜಿಮೇಲ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಜನರಲ್ ಅನ್ನೋದ್ರಲ್ಲಿ ತೀರಾ ಕೆಳಗೆ ವೆಕೇಶನ್ ರೆಸ್ಪಾಂಡರ್ ಇದೆ, ಮೊದಲ ದಿನ ಕೊನೇ ದಿನ ಎರಡೂ ಹಾಕ್ಬಿಟ್ರೆ ತಾನೇ ಶುರುವಾಗಿ ತಾನೇ ನಿಲ್ಲತ್ತೆ, ಬಂದ್ಮೇಲೆ ಆಫ್ ಮಾಡೋಕೆ ಮರ್ತೋಗೋ ಪ್ರಶ್ನೆ ಇಲ್ಲ. ಒಬ್ರೇ ಮತ್ತೆ ಮತ್ತೆ ಮೇಲ್ ಮಾಡಿದ್ರೆ ನಾಲ್ಕು ದಿನ ಆದ್ಮೇಲೇನೇ ಅವ್ರಿಗೆ ಇನ್ನೊಂದ್ಸಲ ಉತ್ತರ ಹೋಗೋದು. ಅಂದ್ರೆ ಸಾಮಾನ್ಯ ಹಬ್ಬದ ರಜೆಲಿ ಒಬ್ರು ನಿಮ್ಮ ಮಾತು ಓದೋದು ಒಂದೇ ಸಲ, ಹಾಗಾಗಿ ಆ ಒಂದು ಸಲ ಎಲ್ಲಾ ತಿಳಿಯೋ ಹಾಗಿರ್ಬೇಕು.

ಇಲ್ಲಿ ಒಂದು ಎಚ್ಚರಿಕೆ. ಚೆನ್ನಾಗಿ ಬರೀಬೇಕು ಅನ್ನೋ ಖುಷಿಲಿ ಕೆಲವ್ರು ಹನಿಗವನ, ಪ್ರಾಸ ಎಲ್ಲಾ ಹಾಕಿ ವಿಷಯನೇ ಮರೀತಾರೆ. ಎಂಬ್ರಾಯ್ಡರಿ ಮಾಡೋ ಮನುಷ್ಯ ಹಬ್ಬಕ್ಕೆ ಮುಂಚೆ ಬಿಲ್ ಆಗತ್ತಾ ಅಂತ ಕೇಳಿ ಮೇಲ್ ಹಾಕಿರ್ತಾನೆ, ಅವ್ನ ಕೆಲಸಗಾರರು ಬೋನಸ್‌ಗೆ ಕಾಯ್ತಿರ್ತಾರೆ. ಅಂಥವ್ನಿಗೆ ನಾನು ದೀಪಾವಳಿ ಎಣ್ಣೆಸ್ನಾನದಲ್ಲಿದೀನಿ ಅಂತ ನಾಲ್ಕು ಸಾಲು ಪದ್ಯ ಹೋದ್ರೆ ಹೊಟ್ಟೆ ಉರಿಯಲ್ವಾ? ಅದಕ್ಕೆ ಮೊದಲ ಎರಡು ಸಾಲಲ್ಲೇ ಯಾವತ್ತು ಬರ್ತೀನಿ, ಬಿಲ್‌ಗೆ ಯಾರು, ಮಾಲಿಗೆ ಯಾರು ಅಂತ ಬರೆದು ಆಮೇಲೆ ಹಬ್ಬದ ಮಾತು ಬರೀರಿ. ಬದಲಿಗೆ ಯಾರ ಹೆಸರು ಕೊಡ್ತೀರೋ ಅವ್ರನ್ನ ಮುಂಚೆ ಕೇಳಿ, ಅವ್ರೂ ಅದೇ ದಿನ ಬಸ್ ಹತ್ತಿರ್ತಾರೆ ಎಷ್ಟೋ ಸಲ. ಸಾವು, ಆಸ್ಪತ್ರೆ ಅಂತ ರಜೆ ಹಾಕಿದಾಗ ತಾರೀಕು ಮತ್ತೆ ಬದಲಿ ಹೆಸರು ಮಾತ್ರ ಸಾಕು.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ ನಮ್ಮ ದೇಶದಲ್ಲಿ ರಜೆನ ಕಾಯೋಕೆ ನಮಗೆ ಬೇರೆ ಆಸರೆ ಕಡಿಮೆ. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿಂದ ಕೆಲಸದ ಹೊತ್ತು ಮುಗಿದ್ಮೇಲೆ ಮೇಲ್ ಫೋನಿಂದ ದೂರ ಇರೋ ಹಕ್ಕಿಗೆ ಕಾನೂನು ಇದೆ. ಜರ್ಮನಿಯ ಡೈಮ್ಲರ್ ಅನ್ನೋ ಕಾರು ಕಂಪನಿ 2014ರಲ್ಲಿ ಇನ್ನೂ ಮುಂದೆ ಹೋಗಿ, ರಜೆಲಿ ಇರೋವ್ರು ಇಷ್ಟಪಟ್ರೆ ಅವ್ರಿಗೆ ಬರೋ ಮೇಲ್ ಅಳಿಸಿಹೋಗೋ ಹಾಗೆ ಮಾಡ್ತು, ಕಳಿಸಿದವ್ರಿಗೆ ನಿಮ್ಮ ಮೇಲ್ ಅಳಿಸಲಾಗಿದೆ, ಇಂಥವ್ರನ್ನ ಕೇಳಿ ಅಂತ ಉತ್ತರ ಹೋಗ್ತಿತ್ತು. ರಜೆ ಮುಗಿಸಿ ಬಂದವ್ರಿಗೆ ಇನ್‌ಬಾಕ್ಸ್ ಖಾಲಿ! ನಮ್ಮಲ್ಲಿ 2018ರ ಕೊನೇಲಿ ಲೋಕಸಭೆಲಿ ಸಂಸದೆ ಸುಪ್ರಿಯಾ ಸುಳೆ ಅವ್ರು ಇಂಥದ್ದೇ ಒಂದು ಖಾಸಗಿ ಮಸೂದೆ ಮಂಡಿಸಿದ್ರು, ಅದು ಕಾನೂನಾಗ್ಲಿಲ್ಲ. ಕಾನೂನು ಬರೋವರೆಗೂ ನಮ್ಮ ಬಾಗಿಲಿಗೆ ನಾವೇ ಹಲಗೆ ನೇತು ಹಾಕ್ಬೇಕು.

ಸಂಪಾದಕರೇ, ಒಂದು ಕೋರಿಕೆ ಇಟ್ಟು ಮುಗಿಸ್ತೀನಿ. ಪ್ರತಿ ದೊಡ್ಡ ಹಬ್ಬದ ಹಿಂದಿನ ವಾರ ನಿಮ್ಮ ಪೇಪರಲ್ಲಿ ಒಂದು ಸಣ್ಣ ಜಾಗ ಕೊಟ್ಟು ಓದುಗರು ಕನ್ನಡದಲ್ಲಿ ಬರೆದ ರಜೆ ಮೆಸೇಜ್‌ಗಳನ್ನ ಹಾಕಿ. ರಂಗೋಲಿ, ಅಡುಗೆ, ಗೊಂಬೆ ಕೂರಿಸಿದ ಫೋಟೋ ಎಲ್ಲಾ ಹಾಕ್ತೀರಲ್ಲ, ಅದರ ಪಕ್ಕದಲ್ಲಿ ಇದೂ ಇರ್ಲಿ. ಮಲೆನಾಡಿನವ್ರು ಭೂಮಿ ಹುಣ್ಣಿಮೆಗೆ ಹೇಗೆ ಬರೀತಾರೆ, ಉತ್ತರ ಕರ್ನಾಟಕದವ್ರು ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಕೊಂಡು ಹೋಗೋ ದಿನ ಅವ್ರ ಮಾತಲ್ಲಿ ಹೇಗೆ ಬರೀತಾರೆ ಅಂತ ಓದೋಕೆ ನನಗೆ ತುಂಬಾ ಆಸೆ ಇದೆ. ಇನ್ನೊಬ್ರದ್ದು ನೋಡಿದ್ರೆ ಬರೆಯೋಕೆ ಸಂಕೋಚ ಇರೋವ್ರಿಗೂ ಧೈರ್ಯ ಬರತ್ತೆ.

ಮೊದಲನೇದಾಗಿ ಈ ಸಲದ ಗೌರಿ ಹಬ್ಬಕ್ಕೆ ನಾನು ಬರೆದಿಟ್ಟಿರೋದನ್ನ ಕಳಿಸ್ತಿದೀನಿ:

"ನಮಸ್ಕಾರ. ಗೌರಿ ಹಬ್ಬಕ್ಕೆ ತಿಪಟೂರಿಗೆ ಹೋಗಿದೀನಿ, ಗಣೇಶನ ಹಬ್ಬ ಮುಗಿಸಿ ಮೂರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಸೀಟಲ್ಲಿರ್ತೀನಿ. ಸ್ಯಾಂಪಲ್ ವಿಷಯಕ್ಕೆ ಮರ್ಚಂಡೈಸಿಂಗ್ ಟೀಮ್‌ಗೆ, ಬಿಲ್ ವಿಷಯಕ್ಕೆ ಅಕೌಂಟ್ಸ್‌ಗೆ ಬರೀರಿ, ಇಬ್ರಿಗೂ ಹೇಳಿ ಬಂದಿದೀನಿ. ಅಲ್ಲೀ ತನಕ ಮೇಲ್ ನೋಡಲ್ಲ, ಫೋನ್ ಅಪ್ಪನ ಅಂಗಡಿ ಗಲ್ಲಾಪೆಟ್ಟಿಗೆಲಿ ಇರತ್ತೆ. ಅಮ್ಮ ಮೊರದ ಬಾಗಿನ ಕಟ್ತಿದಾರೆ, ನಾನು ಕಡುಬಿಗೆ ಕಾಯಿ ತುರೀತಿದೀನಿ. ನಿಮ್ಮ ಮನೇಲೂ ಹಬ್ಬ ಚೆನ್ನಾಗಿ ಆಗ್ಲಿ."

ಇಂತಿ,
ನಿಮ್ಮ ಓದುಗಳು
ಪೀಣ್ಯ, ಬೆಂಗಳೂರು